ದಯಾಳು ಮತ್ತು ದಯನೀಯ: ಒಂದು ವಿಶೇಷಣದ ಇಳಿತ

ಮನುಷ್ಯರ ಬಾಳಿನಂತೆ ಶಬ್ದಗಳ ಬಾಳಿಗೂ ಏಳುಬೀಳುಗಳುಂಟು. ಒಂದು ಕಾಲಕ್ಕೆ ಗದ್ದುಗೆಯ ಮೇಲಿದ್ದ ಮಾತು ಇನ್ನೊಂದು ಕಾಲಕ್ಕೆ ಬೀದಿಯ ಬೈಗುಳಾಗಿ ಬೀಳುವುದುಂಟು. ದಯೆಗೆ ಸಂಬಂಧಿಸಿದ ಇಂಗ್ಲಿಷಿನ 'ಪಿಟಿಫುಲ್' ಎಂಬ ವಿಶೇಷಣವು ಇದಕ್ಕೆ ಒಳ್ಳೆಯ ನಿದರ್ಶನ. ದೇವರ ಗುಣವನ್ನು ಹೇಳಲು ಒಮ್ಮೆ ಬಳಕೆಯಾಗುತ್ತಿದ್ದ ಈ ಪದವು ಇಂದು ಕೆಲಸಕ್ಕೆ ಬಾರದ ವಸ್ತುವನ್ನೋ ಯೋಗ್ಯತೆಯಿಲ್ಲದ ಮನುಷ್ಯನನ್ನೋ ಹಳಿಯುವ ಪದವಾಗಿದೆ. ಪರಭಾಷೆಯ ಪದವೊಂದರ ಈ ಕಥೆ ಶರಣ ಸಾಹಿತ್ಯದ ಅಭ್ಯಾಸಿಗಳಿಗೆ ಏತಕ್ಕೆ ಬೇಕು ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಎರಡು ಕಾರಣಗಳಿವೆ. ವಚನಗಳನ್ನು ಇಂಗ್ಲಿಷಿಗೆ ತರುವವರು ದಯೆಯ ಮಾತು ಬಂದಲ್ಲೆಲ್ಲ ಈ ಪದಕುಟುಂಬದ ಎದುರು ನಿಂತು ಯೋಚಿಸಲೇಬೇಕಾಗುತ್ತದೆ ಎಂಬುದು ಮೊದಲನೆಯದು. ಇಂಗ್ಲಿಷಿನ ಆ ಪದ ಇಳಿದ ದಾರಿಯಲ್ಲಿಯೇ ಕನ್ನಡದ 'ದಯನೀಯ' ಎಂಬ ಪದವೂ ಇಳಿಯತೊಡಗಿದೆ ಎಂಬುದು ಎರಡನೆಯದು. ಮೊದಲನೆಯದು ಪಂಡಿತರ ತೊಡಕು; ಎರಡನೆಯದು ಸಮಾಜದ ತೊಡಕು.

ಮೊದಲು ಇಂಗ್ಲಿಷ್ ಪದದ ಹುಟ್ಟನ್ನು ನೋಡಬಹುದು. ಲ್ಯಾಟಿನ್ ಭಾಷೆಯಲ್ಲಿ 'ಪಿಯೆತಾಸ್' ಎಂಬ ಶಬ್ದವಿದೆ. ದೇವರಿಗೆ, ತಂದೆತಾಯಿಗಳಿಗೆ, ನಾಡಿಗೆ ಸಲ್ಲಬೇಕಾದ ನಿಷ್ಠೆ ಎಂಬುದು ಅದರ ಮೂಲಾರ್ಥ. ಕ್ರೈಸ್ತ ಧರ್ಮದ ಬಳಕೆಯಲ್ಲಿ ಈ ನಿಷ್ಠೆಯ ಜೊತೆಗೆ ಕರುಣೆಯ ಅರ್ಥವೂ ಸೇರಿತು. ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದಾಗ ಈ ಒಂದೇ ಬೇರಿನಿಂದ ಎರಡು ಕುಡಿಗಳು ಒಡೆದವು: ಭಕ್ತಿ, ಧರ್ಮಶ್ರದ್ಧೆ ಎಂಬರ್ಥದ 'ಪಯಟಿ' ಮತ್ತು ದಯೆ ಎಂಬರ್ಥದ 'ಪಿಟಿ'. ಬಹುಕಾಲದವರೆಗೆ ಈ ಎರಡೂ ರೂಪಗಳ ಅರ್ಥಗಳು ಒಂದರೊಳಗೊಂದು ಬೆರೆತೇ ಇದ್ದವು, ಅನಂತರ ಬೇರೆಯಾದವು. ಧರ್ಮ ಒಂದು ಮನೆಗೆ ಹೋಯಿತು, ದಯೆ ಮತ್ತೊಂದು ಮನೆಗೆ ಹೋಯಿತು. ದಯೆಯಿಲ್ಲದ ಧರ್ಮವೂ ಇದ್ದೀತೇ ಎಂದು ಕೇಳಿದ ಬಸವಣ್ಣನವರ ವಚನವನ್ನು ಬಲ್ಲ ಓದುಗರಿಗೆ ಈ ಬೇರ್ಪಡೆಯು ಕೇವಲ ವ್ಯಾಕರಣದ ಸಂಗತಿಯಾಗಿ ಕಾಣದು.

'ಪಿಟಿಫುಲ್' ಎಂಬುದರ ಅಕ್ಷರಶಃ ಅರ್ಥ 'ದಯೆಯಿಂದ ತುಂಬಿದ' ಎಂದು. ೧೬೧೧ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲ್ಲಿನಲ್ಲಿ ಈ ಪದವು ಅದೇ ಅರ್ಥದಲ್ಲಿ ಬಂದಿದೆ. ಯಾಕೋಬನ ಪತ್ರಿಕೆಯಲ್ಲಿ ಅದು ದೇವರಿಗೆ ಹಾಕಿದ ವಿಶೇಷಣ. ಪೇತ್ರನ ಪತ್ರಿಕೆಯಲ್ಲಿ ಭಕ್ತರೆಲ್ಲರೂ ಹಾಗಿರಬೇಕೆಂಬ ಬೋಧೆ. ಪ್ರಲಾಪಗಳ ಗ್ರಂಥದಲ್ಲಿ ಸ್ವಭಾವತಃ ಕರುಳಿರುವ ತಾಯಂದಿರಿಗೆ ಸಂದ ಮಾತು. ಇಂದಿನ ಇಂಗ್ಲಿಷನ್ನಷ್ಟೇ ಬಲ್ಲ ವಿದ್ಯಾರ್ಥಿ ಆ ಪುಟಗಳನ್ನು ತೆರೆದರೆ, ದೇವರನ್ನೇ ಹೀನಾಯವಾಗಿ ಕರೆದಂತೆ ಕಂಡು ಬೆಚ್ಚಿಬೀಳುತ್ತಾನೆ. ಹೊಸ ಒಡಂಬಡಿಕೆಯ ೧೮೮೧ರ ಪರಿಷ್ಕೃತ ಭಾಷಾಂತರಕಾರರು ಯಾಕೋಬನ ಪತ್ರಿಕೆಯ ಆ ವಿಶೇಷಣವನ್ನು ಕೈಬಿಟ್ಟು, 'ದಯೆ' ಎಂಬ ನಾಮಪದವನ್ನಿಟ್ಟು ಅದೇ ಮಾತನ್ನು ಬಿಡಿಸಿ ಹೇಳಬೇಕಾಯಿತು. ಪದ ಅಷ್ಟರಮಟ್ಟಿಗೆ ಕೆಟ್ಟುಹೋಗಿತ್ತು.

ಕೆಟ್ಟ ಬಗೆ ಹೇಗೆ? ಮೂರು ಮೆಟ್ಟಿಲುಗಳಲ್ಲಿ ಈ ಇಳಿತ ನಡೆದಿದೆ. ಮೊದಲ ಮೆಟ್ಟಿಲಲ್ಲಿ ಪದವು ದಯೆ ತೋರುವವನನ್ನು ವರ್ಣಿಸುತ್ತದೆ. ಎರಡನೆಯದರಲ್ಲಿ ದಯೆಗೆ ಗುರಿಯಾದವನನ್ನು ವರ್ಣಿಸುತ್ತದೆ. ನೋಡುವವನ ಗುಣವಾಗಿದ್ದುದು ನೋಡಿಸಿಕೊಳ್ಳುವವನ ಸ್ಥಿತಿಯಾಗುತ್ತದೆ. ಮೂರನೆಯದರಲ್ಲಿ ಆ ಸ್ಥಿತಿ ಅವನ ದೋಷವೇ ಆಗಿಬಿಡುತ್ತದೆ. 'ಅಯ್ಯೋ' ಎನ್ನಬೇಕಾದ ಬಾಯಿ 'ಛೀ' ಎನ್ನತೊಡಗುತ್ತದೆ. ೧೬ನೆಯ ಶತಮಾನದ ಕೊನೆಯ ಹೊತ್ತಿಗೆ ಈ ಮೂರನೆಯ ಅರ್ಥವೂ ಇಂಗ್ಲಿಷಿನಲ್ಲಿ ಕಾಣಿಸಿಕೊಂಡಿತ್ತು. ಕರುಣೆಗೆ ಅರ್ಹ ಎಂಬುದನ್ನು ತಿರಸ್ಕಾರದ ನೆರಳಿಲ್ಲದೆ ಹೇಳಲು ಬಯಸುವವರು ಇಂದು 'ಪಿಟಿಯಬಲ್' ಎಂಬ ಬೇರೆ ಪದವನ್ನು ಹುಡುಕುತ್ತಾರೆ. ಆರ್ತನಾದದಂತಹ ಕರುಳು ಕಲಕುವ ಸಂಗತಿಗೆ 'ಪಿಟಿಯಸ್' ಎನ್ನುತ್ತಾರೆ. ಗ್ರೀಕ್ ಮೂಲದ 'ಪೆಥೆಟಿಕ್' ಎಂಬ ಪದವೂ ಮನ ಕರಗಿಸುವ ಎಂಬ ಅರ್ಥದಿಂದ ಹೊರಟು ಕೊನೆಗೆ ಅದೇ ತಿರಸ್ಕಾರದ ತಗ್ಗನ್ನು ಸೇರಿದೆ. ಒಂದೇ ಪದ ಹೀಗಾಗಿದ್ದರೆ ಆಕಸ್ಮಿಕವೆನ್ನಬಹುದಾಗಿತ್ತು. ಎರಡು ಬೇರೆ ಮೂಲದ ಪದಗಳು ಒಂದೇ ತಗ್ಗಿನಲ್ಲಿ ಬಿದ್ದಿರುವಾಗ, ತಗ್ಗು ಮನುಷ್ಯನ ಮನಸ್ಸಿನಲ್ಲಿಯೇ ಇದೆಯೆಂದು ತಿಳಿಯಬೇಕಾಗುತ್ತದೆ.

೧೪ನೆಯ ಶತಮಾನದ ಇಂಗ್ಲಿಷ್ ಕವಿ ಚಾಸರನು ಈ ತಗ್ಗನ್ನು ಮೊದಲೇ ಕಂಡಿದ್ದನೆಂದು ತೋರುತ್ತದೆ. ಅವನ ಕಾವ್ಯದಲ್ಲಿ ಬರುವ ಸಂನ್ಯಾಸಿನಿಯೊಬ್ಬಳು ಬೋನಿಗೆ ಬಿದ್ದ ಇಲಿಯನ್ನು ಕಂಡರೂ ಕಣ್ಣೀರಿಡುವಷ್ಟು ಮೃದು. ತನ್ನ ಮುದ್ದಿನ ನಾಯಿಗಳಿಗೆ ಹುರಿದ ಮಾಂಸ, ಹಾಲು, ಒಳ್ಳೆಯ ರೊಟ್ಟಿಗಳನ್ನು ಕೊಡುವಷ್ಟು ಉದಾರಿ. ಕವಿ ಅವಳನ್ನು ದಯಾವತಿಯೆಂದೇ ಕರೆಯುತ್ತಾನೆ. ಆದರೆ ಆ ದಯೆ ಮನುಷ್ಯರ ಕಡೆಗೆ ಹರಿದ ಸುದ್ದಿ ಆ ಚಿತ್ರದಲ್ಲಿ ಇಲ್ಲ. ಕಣ್ಣೀರೇ ದಯೆಯಾಗಿ, ಕ್ರಿಯೆ ಹಿಂದೆ ಉಳಿದಾಗ ಶಬ್ದದ ಒಳಗು ಪೊಳ್ಳಾಗುತ್ತದೆ. ಪೊಳ್ಳಾದ ಶಬ್ದ ಕೆಳಗೆ ಬೀಳುವುದು ತಡವಾಗದು.

ಇನ್ನು ಸಂಸ್ಕೃತದ ಕಡೆಗೆ ತಿರುಗಿದರೆ ಅಲ್ಲಿ ಎಚ್ಚರದ ವ್ಯವಸ್ಥೆಯೊಂದು ಕಾಣುತ್ತದೆ. 'ದಯ್' ಎಂಬ ಧಾತುವಿಗೆ ಕೊಡುವುದು, ಕಾಯುವುದು ಎಂಬ ಅರ್ಥಗಳನ್ನು ಧಾತುಪಾಠವು ಹೇಳುತ್ತದೆ. ಎಂದರೆ ದಯೆಯೆಂಬುದು ಮೂಲದಲ್ಲಿ ಬರಿಯ ಭಾವವಲ್ಲ, ಒಂದು ಕೆಲಸ. ಈ ಧಾತುವಿಗೆ ಪಾಣಿನಿಯು 'ಆಲು' ಎಂಬ ಪ್ರತ್ಯಯವನ್ನು ವಿಧಿಸಿದ್ದಾನೆ. ಅದನ್ನೇ ಸ್ವಭಾವವಾಗಿ ಉಳ್ಳವನು ಎಂಬುದು ಅದರ ಅರ್ಥ. ಹೀಗೆ 'ದಯಾಲು', ಕನ್ನಡದಲ್ಲಿ 'ದಯಾಳು', ಎಂಬ ಶಬ್ದ ಸಿದ್ಧವಾಯಿತು. ಶ್ರದ್ಧಾಳು, ನಿದ್ರಾಳು ಎಂಬ ಶಬ್ದಗಳೂ ಇದೇ ಅಚ್ಚಿನಲ್ಲಿ ಆದವು. ಅದೇ ಧಾತುವಿಗೆ 'ಅನೀಯ' ಎಂಬ ಪ್ರತ್ಯಯ ಹತ್ತಿದಾಗ 'ದಯನೀಯ' ಎಂದಾಗುತ್ತದೆ. ಪೂಜೆಗೆ ಅರ್ಹನು ಪೂಜನೀಯ, ನೋಡಲು ಅರ್ಹವಾದುದು ದರ್ಶನೀಯ, ನೆನೆಯಲು ಅರ್ಹವಾದುದು ಸ್ಮರಣೀಯ. ಹಾಗೆಯೇ ದಯೆಗೆ ಅರ್ಹನಾದವನು ದಯನೀಯ. ದಯೆ ಮಾಡುವವನಿಗೆ ಒಂದು ಪದ, ದಯೆಗೆ ಅರ್ಹನಾದವನಿಗೆ ಮತ್ತೊಂದು ಪದ. ಇಂಗ್ಲಿಷಿನ ಒಂದು ವಿಶೇಷಣದಲ್ಲಿ ಕಲಸಿಹೋದುದನ್ನು ಸಂಸ್ಕೃತವು ಎರಡು ಪಾತ್ರೆಗಳಲ್ಲಿ ಬೇರೆಯಾಗಿಟ್ಟಿದೆ.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಪೂಜನೀಯ, ಸ್ಮರಣೀಯ ಎಂಬವು ಗೌರವದ ಪದಗಳು. ಎದುರಿಗಿದ್ದವರಿಗೆ ಸಲ್ಲಬೇಕಾದುದನ್ನು ಸಲ್ಲಿಸು ಎಂದು ಅವು ನುಡಿಯುವವನಿಗೆ ಹೊಣೆ ಹೊರಿಸುತ್ತವೆ. ವ್ಯಾಕರಣದ ನ್ಯಾಯದಿಂದ 'ದಯನೀಯ' ಎಂಬುದೂ ಹೊಣೆಯ ಪದವೇ. ಒಬ್ಬನನ್ನು ದಯನೀಯನೆಂದು ಕರೆದೊಡನೆ, ಅವನಿಗೆ ದಯೆ ಸಲ್ಲಬೇಕೆಂಬುದನ್ನು ಕರೆದವನು ಒಪ್ಪಿದಂತಾಯಿತು. ಆದರೆ ಬಳಕೆಯಲ್ಲಿ ಆದುದು ಬೇರೆ. 'ದಯನೀಯ ಪರಿಸ್ಥಿತಿ', 'ದಯನೀಯ ಸೋಲು', 'ದಯನೀಯ ವೈಫಲ್ಯ' ಎಂಬ ಮಾತುಗಳು ವರದಿಗಳಲ್ಲಿಯೂ ಭಾಷಣಗಳಲ್ಲಿಯೂ ಸಾಮಾನ್ಯವಾಗಿವೆ. ಆಟದಲ್ಲಿ ಹೀನಾಯವಾಗಿ ಸೋತವರ ಸೋಲು ದಯನೀಯ ಎಂದಾಗ ಯಾರೂ ಅವರಿಗೆ ದಯೆ ತೋರಬೇಕೆಂದು ಹೇಳುತ್ತಿಲ್ಲ, ನಗುತ್ತಿದ್ದಾರೆ. ಕನ್ನಡದ ಪದ ಮೂರನೆಯ ಮೆಟ್ಟಿಲಿಗೆ ಕಾಲಿಟ್ಟಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಅಚ್ಚಗನ್ನಡದ ಮಾತುಗಳು ಈ ವಿಷಯದಲ್ಲಿ ಹೆಚ್ಚು ಮರ್ಯಾದೆಯಿಂದ ನಡೆದುಕೊಂಡಿವೆ. 'ಮರುಗು' ಎಂಬ ಕ್ರಿಯಾಪದವನ್ನೇ ನೋಡಬಹುದು. ಅದು ಅಕರ್ಮಕ. ಒಬ್ಬರಿಗಾಗಿ ಮರುಗಬಹುದು, ಒಬ್ಬರನ್ನು ಕಂಡು ಮರುಗಬಹುದು. ಆದರೆ ಒಬ್ಬರನ್ನು 'ಮರುಗಿಸಿಕೊಂಡವರು' ಎಂದು ಗುರುತು ಹಚ್ಚಿ ಕೂರಿಸಲು ಆ ಕ್ರಿಯಾಪದ ಒಪ್ಪುವುದಿಲ್ಲ. ನೋವು ಮರುಗುವವನಲ್ಲಿಯೇ ಉಳಿಯುತ್ತದೆ. ಅದರಿಂದಾದ 'ಮರುಕ'ವೂ ಅವನದೇ. ಆದರೆ ಜನರ ಬಾಯಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಾಡುವ ಮಾತು ಬೇರೆಯೇ ಇದೆ: 'ಪಾಪ'. ಕಷ್ಟದಲ್ಲಿದ್ದವರನ್ನು ಕಂಡೊಡನೆ 'ಅಯ್ಯೋ ಪಾಪ' ಎನ್ನುವುದು ಎಲ್ಲ ಸೀಮೆಗಳ ರೂಢಿ. ಈ ಉದ್ಗಾರದಲ್ಲಿ ನಿಜವಾದ ಮಿಡಿತವಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೂ ದುಷ್ಕೃತ್ಯಕ್ಕೆ ಇರುವ ಹೆಸರನ್ನೇ ದುಃಖಿತನಿಗೂ ಇಟ್ಟಿರುವುದರಲ್ಲಿ ಒಂದು ತೀರ್ಪಿನ ನೆರಳಿದೆ. ಕಷ್ಟಪಡುವವನು ಹಿಂದೆಂದೋ ಮಾಡಿದ್ದನ್ನು ಉಣ್ಣುತ್ತಿದ್ದಾನೆ ಎಂಬ ನಂಬುಗೆ ಆ ಉದ್ಗಾರದ ಒಳಗೆ ಅಡಗಿ ಕುಳಿತಿದ್ದರೆ ಆಶ್ಚರ್ಯವಿಲ್ಲ. ಹಾಗಿದ್ದಲ್ಲಿ ಕರುಣೆ ಮತ್ತು ಆರೋಪ ಎರಡೂ ಒಂದೇ ಉಸಿರಿನಲ್ಲಿ ಹೊರಬಂದಂತಾಯಿತು.

ಈ ನಾಡಿನ ಹಳೆಯ ಕನ್ನಡ ಹೇಗೆ ಮಾತನಾಡಿತ್ತು? ಬಾದಾಮಿಯ ಕೆರೆಯ ಬಳಿಯ ಬಂಡೆಯ ಮೇಲೆ ಸುಮಾರು ೭೦೦ರ ಕಾಲದ ಕಪ್ಪೆ ಅರಭಟ್ಟನ ಶಾಸನವಿದೆ. ತ್ರಿಪದಿಯ ಅತ್ಯಂತ ಹಳೆಯ ಮಾದರಿಗಳು ಅದರಲ್ಲಿವೆಯೆಂದು ಸಾಹಿತ್ಯದ ವಿದ್ಯಾರ್ಥಿಗಳೆಲ್ಲರೂ ಓದಿರುತ್ತಾರೆ. ಒಳ್ಳೆಯವರೊಡನೆ ಒಳ್ಳೆಯವನಾಗಿ, ಮಧುರ ಸ್ವಭಾವದವರೊಡನೆ ಮಧುರನಾಗಿ, ಪೀಡಿಸಲು ಬಂದವನಿಗೆ ಮಾತ್ರ ಕಠೋರನಾಗಿ ಇದ್ದವನೆಂದು ಅಲ್ಲಿ ಆ ವೀರನ ವರ್ಣನೆಯಿದೆ. ಇದರ ಪದರಚನೆಯಲ್ಲಿ ಒಂದು ವಿಶೇಷವಿದೆ. ನಡೆದುಕೊಳ್ಳುವವನಿಗೂ ಆ ನಡತೆಯನ್ನು ಪಡೆಯುವವನಿಗೂ ಒಂದೇ ಗುಣವಾಚಕ ಬಂದಿದೆ. ಒಬ್ಬನು ಮೇಲೆ ನಿಂತು ಇನ್ನೊಬ್ಬನನ್ನು ಕೆಳಗೆ ನೋಡುವ ಮಾತು ಅಲ್ಲಿಲ್ಲ. ಸಮಾನರು ಎದುರುಬದುರಾಗಿ ನಿಂತಿದ್ದಾರೆ. ವಿಶೇಷಣವು ಮನುಷ್ಯನ ನಡತೆಯನ್ನು ಹೇಳುತ್ತದೆ, ಅವನ ದುರವಸ್ಥೆಯನ್ನಲ್ಲ.

ಇದಾಗಿ ಸುಮಾರು ನಾಲ್ಕೂವರೆ ಶತಮಾನಗಳ ಬಳಿಕ, ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಹುನಗುಂದ ಸೀಮೆಯ ಕೂಡಲಸಂಗಮದ ದೇವನನ್ನು ಅಂಕಿತವಾಗಿಟ್ಟುಕೊಂಡು ಬಸವಣ್ಣನವರು ನುಡಿದರು. ದಯೆಯನ್ನು ಧರ್ಮದ ಬೇರೆಂದು ಸಾರಿದ ಅವರ ವಚನ ಮನೆಮನೆಯ ಮಾತಾಗಿದೆ. ಅದರ ಭಾಷೆಯನ್ನು ಮಾತ್ರ ಸೂಕ್ಷ್ಮವಾಗಿ ನೋಡಿದವರು ಕಡಿಮೆ. ಆ ಪುಟ್ಟ ವಚನದಲ್ಲಿ ದಯೆ ಮತ್ತೆ ಮತ್ತೆ ಬರುತ್ತದೆ, ಬಂದಲ್ಲೆಲ್ಲ ನಾಮಪದವಾಗಿಯೇ ಬರುತ್ತದೆ. ದಯಾಳು ಎಂಬ ಹೊಗಳಿಕೆಯಿಲ್ಲ, ದಯನೀಯ ಎಂಬ ಗುರುತೂ ಇಲ್ಲ. ಅದಕ್ಕಿಂತ ಮುಖ್ಯವಾದುದು ವಿಭಕ್ತಿ. ದಯೆ ಬೇಕಾದದ್ದು ಪ್ರಾಣಿಗಳ 'ಮೇಲೆ' ಎಂದು ಬಸವಣ್ಣನವರು ಹೇಳಲಿಲ್ಲ. ಸಪ್ತಮೀ ವಿಭಕ್ತಿಯನ್ನಿಟ್ಟು, ಎಲ್ಲ ಪ್ರಾಣಿಗಳ'ಲ್ಲಿ' ಎಂದರು. 'ಮೇಲೆ' ಎಂದರೆ ದಯೆಗೊಂದು ಎತ್ತರ ಬರುತ್ತದೆ. 'ಅಲ್ಲಿ' ಎಂದರೆ ದಯೆ ಮನುಷ್ಯರ ನಡುವೆ ಇಳಿದು ನೆಲೆಸುತ್ತದೆ. 'ಎಲ್ಲ' ಎಂಬ ಮಾತು ಸೇರಿದ್ದರಿಂದ, ದಯೆ ಮಾಡುವವನೂ ಆ ಲೆಕ್ಕದ ಹೊರಗೆ ಉಳಿಯುವುದಿಲ್ಲ. ದಯೆ ಬೇಕಾದವರು, ಬೇಡದವರು ಎಂಬ ಎರಡು ಪಂಗಡಗಳೇ ಅಲ್ಲಿಲ್ಲ.

ಹಾಗಾದರೆ ಶರಣರ ಮಾತಿನಲ್ಲಿ ದೈನ್ಯದ ಚಿತ್ರಗಳೇ ಇಲ್ಲವೆ? ಇವೆ, ಹೇರಳವಾಗಿವೆ. ಕೆಸರಿನಲ್ಲಿ ಹೂತು ದಿಕ್ಕುದಿಕ್ಕಿಗೆ ಬಾಯಿಬಿಡುವ ದನದ ಉಪಮೆಯನ್ನು ಬಸವಣ್ಣನವರು ತಂದಿದ್ದಾರೆ. ಆದರೆ ಆ ದನ ಯಾರು? ಬಿಜ್ಜಳನ ರಾಜ್ಯದಲ್ಲಿ ದೊಡ್ಡ ಅಧಿಕಾರದಲ್ಲಿದ್ದ ಬಸವಣ್ಣನವರೇ! ತಮ್ಮ ದೇವರು ತಮ್ಮ ಕೊಂಬು ಹಿಡಿದು ಮೇಲೆತ್ತುವವರೆಗೂ ಬೇರೆ ಗತಿಯಿಲ್ಲವೆಂದು ಅವರು ಮೊರೆಯಿಡುತ್ತಾರೆ. ತಮಗಿಂತ ಕಿರಿಯರಿಲ್ಲ, ಶಿವಭಕ್ತರಿಗಿಂತ ಹಿರಿಯರಿಲ್ಲ ಎಂಬುದು ಅವರ ನಿಲುವು. ದಯನೀಯತೆಯ ಪದಗಳು ವಚನಗಳಲ್ಲಿ ಬಹುಮಟ್ಟಿಗೆ ಉತ್ತಮ ಪುರುಷಕ್ಕೆ ಮಾತ್ರ ಸಲ್ಲುತ್ತವೆ, ಅದೂ ಲಿಂಗದ ಎದುರಿನಲ್ಲಿ. ತನ್ನನ್ನು ದಯನೀಯನೆಂದು ಕಾಣುವುದು ಭಕ್ತಿ. ಇನ್ನೊಬ್ಬನನ್ನು ಹಾಗೆ ಕರೆದು ಸುಮ್ಮನಾಗುವುದು ಅಹಂಕಾರ. ವ್ಯಾಕರಣದ ಪುರುಷಭೇದದಿಂದ ಇಷ್ಟು ದೊಡ್ಡ ಧರ್ಮಭೇದ ಉಂಟಾಗುವುದು ಶರಣರ ನುಡಿಯ ಸೂಕ್ಷ್ಮ. ಆ ಉಪಮೆಯಲ್ಲಿಯೂ ದೇವರು ದನವನ್ನು ಕಂಡು ಕಣ್ಣೀರಿಡಲಿ ಎಂಬ ಬೇಡಿಕೆಯಿಲ್ಲ, ಎತ್ತಲಿ ಎಂಬ ಬೇಡಿಕೆಯಿದೆ ಎಂಬುದನ್ನು ಮರೆಯಲಾಗದು.

ಅನುವಾದದ ತೊಡಕು ಇಲ್ಲಿಯೇ ಹುಟ್ಟುತ್ತದೆ. ವಿಜಯಪುರದಲ್ಲಿ ನೆಲೆಸಿ ವಚನಗಳ ಓಲೆಗರಿಗಳಿಗಾಗಿ ಬಾಳನ್ನೇ ಸವೆಸಿದ ಡಾ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಅದಕ್ಕೂ ಮೊದಲೇ ವಚನಗಳನ್ನು ಇಂಗ್ಲಿಷಿಗೆ ತರುವ ಕೆಲಸವನ್ನೂ ಕೈಗೆತ್ತಿಕೊಂಡಿದ್ದರು. ಶಿ. ಶಿ. ಬಸವನಾಳರು ಕೆ. ಆರ್. ಶ್ರೀನಿವಾಸ ಅಯ್ಯಂಗಾರರೊಡನೆ ಸೇರಿ ಬಸವಣ್ಣನವರ ವಚನಗಳ ಇಂಗ್ಲಿಷ್ ರೂಪವನ್ನು ೧೯೪೦ರಲ್ಲಿ ಹೊರತಂದರು. ಎ. ಕೆ. ರಾಮಾನುಜನ್ ಅವರ ಅನುವಾದಗಳು ೧೯೭೩ರಲ್ಲಿ ಬಂದು ಜಗತ್ತಿನ ಗಮನ ಸೆಳೆದವು. ಇಂದಿನ ಅನುವಾದಕನ ಮುಂದೆ ದಯೆಗೆ ನಾಲ್ಕು ಇಂಗ್ಲಿಷ್ ಪದಗಳಿವೆ. 'ಪಿಟಿ' ಎಂದರೆ ಮೇಲಿನಿಂದ ನೋಡಿದಂತಾಗುತ್ತದೆ. 'ಮರ್ಸಿ' ಎಂದರೆ ಶಿಕ್ಷಿಸಬಲ್ಲವನು ಮನ್ನಿಸಿದಂತಾಗುತ್ತದೆ. 'ಕೈಂಡ್‌ನೆಸ್' ಎಂಬುದು ಒಳ್ಳೆಯ ಪದವಾದರೂ ನಿತ್ಯದ ಸೌಜನ್ಯದ ಮಟ್ಟಕ್ಕೆ ಇಳಿದಿದೆ. 'ಕಂಪ್ಯಾಶನ್' ಎಂಬುದಕ್ಕೆ ಧಾತ್ವರ್ಥದಲ್ಲಿ ಜೊತೆಯಾಗಿ ನೋಯುವುದು ಎಂದಿರುವುದರಿಂದ ವಚನದ ಸಪ್ತಮಿಗೆ ಅದು ಹತ್ತಿರ ಬರುತ್ತದೆ. ಆದರೆ ಕೊಡುವುದು, ಕಾಯುವುದು ಎಂಬ ಕ್ರಿಯೆ ಅದರಲ್ಲಿಲ್ಲ. ಯಾವ ಪದವನ್ನು ಆರಿಸಿದರೂ ಉಳಿದುದನ್ನು ವಾಕ್ಯದ ರಚನೆಯಿಂದಲೇ ತುಂಬಬೇಕಾಗುತ್ತದೆ. ಅನುವಾದದ ವಿಮರ್ಶೆ ಮಾಡುವ ವಿದ್ಯಾರ್ಥಿಗಳು ಪದಕ್ಕೆ ಪದ ಸರಿಯಾಗಿದೆಯೇ ಎಂದಷ್ಟೇ ನೋಡದೆ, ದಯೆ ಎಲ್ಲಿ ನಿಂತು ಮಾತನಾಡುತ್ತಿದೆ ಎಂಬುದನ್ನು ನೋಡಬೇಕು.

ಕಾವ್ಯಮೀಮಾಂಸೆಯ ದಿಕ್ಕಿನಿಂದಲೂ ಒಂದು ಮಾತು ಹೇಳಬೇಕಾಗಿದೆ. ಶೋಕವು ಸ್ಥಾಯಿಯಾಗಿ ಕರುಣರಸವಾಗುತ್ತದೆ ಎಂಬುದು ಭರತನ ಮತ. ಸಹೃದಯನು ಆ ರಸವನ್ನು ಆಸ್ವಾದಿಸುತ್ತಾನೆ. ಕಾವ್ಯದಲ್ಲಿ ಇದು ಸರಿಯೇ. ಆದರೆ ಬಾಳಿನಲ್ಲಿ ಇನ್ನೊಬ್ಬರ ದುಃಖವನ್ನು ರಸದಂತೆ ಸವಿಯುವವನು ಚಾಸರನ ಸಂನ್ಯಾಸಿನಿಯ ಪಂಕ್ತಿಗೆ ಸೇರುತ್ತಾನೆ. ಒಳ್ಳೆಯ ಕವಿಗಳು ಕಾವ್ಯದಲ್ಲಿಯೂ ಈ ಎಚ್ಚರವನ್ನು ಬಿಟ್ಟಿಲ್ಲ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಸತ್ತ ಮಗನನ್ನು ತೊಡೆಯ ಮೇಲಿಟ್ಟುಕೊಂಡು ಚಂದ್ರಮತಿ ಗೋಳಿಡುವ ಸನ್ನಿವೇಶ ಕನ್ನಡದ ಕರುಣರಸದ ತುತ್ತತುದಿ. ಆ ಹೊತ್ತಿನಲ್ಲಿ ಸುಡುಗಾಡು ಕಾಯುವ ಹರಿಶ್ಚಂದ್ರ ಒಡೆಯನಿಗೆ ಸಲ್ಲಬೇಕಾದ ತೆರೆಯನ್ನು ಕೇಳದೆ ಬಿಡುವುದಿಲ್ಲ. ಓದುಗನ ಕಣ್ಣು ತೇವವಾಗುತ್ತದೆ, ಆದರೆ ತಲೆಯೂ ಬಾಗುತ್ತದೆ. ಸನ್ನಿವೇಶ ಕರುಣಾಜನಕ, ಹರಿಶ್ಚಂದ್ರ ದಯನೀಯನಲ್ಲ. ವಿಶೇಷಣವನ್ನು ಸ್ಥಿತಿಗೆ ಹಚ್ಚುವುದಕ್ಕೂ ವ್ಯಕ್ತಿಗೆ ಹಚ್ಚುವುದಕ್ಕೂ ಇರುವ ಈ ಅಂತರವೇ ವಿಮರ್ಶಕನು ಕಾಯ್ದುಕೊಳ್ಳಬೇಕಾದ ಗಡಿ.

ಈ ಗಡಿಯನ್ನು ಅತ್ಯಂತ ನಿಷ್ಠುರವಾಗಿ ಕಾಯ್ದ ಶರಣೆ ಆಯ್ದಕ್ಕಿ ಲಕ್ಕಮ್ಮ. ಹುನಗುಂದ, ಇಳಕಲ್ಲುಗಳ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಲೆಯ ಮೇಲೇರಿಸಲಿಲ್ಲ. ಹೆಚ್ಚಾದುದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಪತಿಯನ್ನು ಎಚ್ಚರಿಸಿದರು. ಮನಸ್ಸು ಶುದ್ಧವಿಲ್ಲದವನಿಗೆ ಬಡತನವೇ ಹೊರತು, ಶುದ್ಧ ಮನಸ್ಸಿನಿಂದ ಕಾಯಕ ಮಾಡುವವನಿಗೆ ಎತ್ತ ನೋಡಿದರೂ ಸಿರಿಯೇ ಎಂಬ ಅರ್ಥದ ಅವರ ವಚನ ಪ್ರಸಿದ್ಧವಾಗಿದೆ. ಇಂದಿನ ಲೇಖನಿಯೊಂದು ಆ ಗುಡಿಸಲನ್ನು ಕಂಡಿದ್ದರೆ 'ದಯನೀಯ ಬದುಕು' ಎಂದು ಬರೆದು ಮುಂದೆ ಹೋಗುತ್ತಿತ್ತು. ಲಕ್ಕಮ್ಮನವರು ಆ ವಿಶೇಷಣವನ್ನೂ ಅಕ್ಕಿಯೊಡನೆ ಹಿಂದಕ್ಕೆ ಕಳಿಸುತ್ತಿದ್ದರು.

ಇಳಕಲ್ಲಿನ ನೇಕಾರರ ವಿಷಯದಲ್ಲಿ ನಡೆಯುತ್ತಿರುವುದೂ ಇದೇ. ಹತ್ತಿಯ ಒಡಲಿನ ಹಾಸಿಗೆ ರೇಷ್ಮೆಯ ಸೆರಗಿನ ಹಾಸನ್ನು ಕೊಂಡಿಗಳಿಂದ ಎಳೆ ಎಳೆಯಾಗಿ ಕೂಡಿಸುವ ವಿದ್ಯೆ ಅವರದು. ಕೂಲಿ ಕಡಿಮೆಯಾಗಿ ಕೈಮಗ್ಗಗಳು ಸೊರಗಿದಾಗ ಅವರ ಪರವಾಗಿ ಮಾತನಾಡಬೇಕಾದುದು ನ್ಯಾಯವೇ. ಆದರೆ ಅವರ ಬದುಕು ದಯನೀಯ ಎಂದು ಹೇಳಿದೊಡನೆ ಕೂಲಿಯ ಪ್ರಶ್ನೆ ಕರುಣೆಯ ಪ್ರಶ್ನೆಯಾಗಿಬಿಡುತ್ತದೆ. ನೇಕಾರನಿಗೆ ಸಲ್ಲಬೇಕಾದುದು ಬೆಲೆ, ಕೇಳುಗರ ನಿಟ್ಟುಸಿರಲ್ಲ. ಬಾಗಲಕೋಟೆಯ ಮುಳುಗಡೆಯ ಜನರ ಮಾತೂ ಹಾಗೆಯೇ. ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಊರಿನ ಮನೆ, ಅಂಗಡಿ, ಓಣಿಗಳನ್ನು ಬಿಟ್ಟು ನವನಗರಕ್ಕೆ ನಡೆದವರು, ಹೊಲ ಕಳೆದುಕೊಂಡ ಹಳ್ಳಿಗರು ನಾಡಿನ ನೀರಾವರಿಗೆ ತಮ್ಮ ನೆಲವನ್ನು ಕೊಟ್ಟವರು. ಕೃಷ್ಣಾ ನ್ಯಾಯಾಧಿಕರಣವು ೨೦೧೦ರ ತೀರ್ಪಿನಲ್ಲಿ ಜಲಾಶಯದ ಎತ್ತರವನ್ನು ೫೨೪.೨೫೬ ಮೀಟರಿನವರೆಗೆ ಏರಿಸಲು ಅನುಮತಿ ಕೊಟ್ಟಿರುವುದರಿಂದ ಈ ಕೊಡುವಿಕೆಯ ಕಥೆ ಮುಗಿದಿಲ್ಲ. ಕೊಟ್ಟವರನ್ನು ದಯನೀಯರೆಂದು ಕರೆದರೆ, ಪಡೆದ ನಾಡು ತನ್ನ ಸಾಲವನ್ನು ದಾನವೆಂದು ಬರೆದುಕೊಂಡಂತಾಗುತ್ತದೆ. ಜನರು ತಮ್ಮ ಬಾಯಲ್ಲಿ 'ಮುಳುಗಡೆ' ಎಂಬ ಸರಳ ಪದವನ್ನೇ ಇಟ್ಟುಕೊಂಡಿದ್ದಾರೆ. ಅದು ಆದ ಸಂಗತಿಯನ್ನು ಹೇಳುತ್ತದೆ, ಆಳನ್ನು ಅಳೆಯುವುದಿಲ್ಲ.

ಮಠಗಳ ಪರಂಪರೆಯು ಈ ವಿಷಯದಲ್ಲಿ ಪದಗಳಿಂದಲೂ ಕೃತಿಯಿಂದಲೂ ದಾರಿ ತೋರಿದೆ. ಬಡ ವಿದ್ಯಾರ್ಥಿಗಳಿಗೆ ಊಟ ವಸತಿಗಳನ್ನು ಕೊಡುವ ಮನೆಗೆ ಹಿರಿಯರು ಇಟ್ಟ ಹೆಸರು 'ಪ್ರಸಾದ ನಿಲಯ'. ಅಲ್ಲಿ ಉಣ್ಣುವ ಹುಡುಗ ಭಿಕ್ಷೆ ಉಣ್ಣುವುದಿಲ್ಲ, ಪ್ರಸಾದ ಸ್ವೀಕರಿಸುತ್ತಾನೆ. ನೀಡುವವನೂ ಅದೇ ಪ್ರಸಾದಕ್ಕೆ ಕೈಯೊಡ್ಡುವವನೇ. 'ದಾಸೋಹ' ಎಂಬ ಪದದಲ್ಲಿಯಂತೂ ಕೊಡುವವನೇ ತಾನು ದಾಸನೆಂದು ಹೇಳಿಕೊಳ್ಳುತ್ತಾನೆ. ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ೧೯೦೯ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳ ದೃಷ್ಟಿಗೆ ಹುಟ್ಟುಕುರುಡನಾದ ಒಬ್ಬ ಬಾಲಕ ಬಿದ್ದನು. ಊರಿನವರಿಗೆ ಅಂತಹ ಮಗು 'ಪಾಪ' ಎಂಬ ಉದ್ಗಾರದ ವಸ್ತು. ಶಿವಯೋಗಿಗಳು ಆ ಬಾಲಕನಿಗೆ ಸಂಗೀತದ ಶಿಕ್ಷಣವನ್ನು ಒದಗಿಸಿದರು. ಆತನೇ ಮುಂದೆ ಪಂಡಿತ ಪಂಚಾಕ್ಷರ ಗವಾಯಿಗಳಾಗಿ (೧೮೯೨–೧೯೪೪), ಗದಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ಅದೆಷ್ಟೋ ಅಂಧ ಮಕ್ಕಳಿಗೆ ಸ್ವರದ ಬೆಳಕನ್ನು ಕೊಟ್ಟರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಕೆಲಸವನ್ನು ಮುಂದುವರಿಸಿದರು. ದಯೆಯು 'ಕೊಡುವುದು, ಕಾಯುವುದು' ಎಂಬ ತನ್ನ ಧಾತ್ವರ್ಥಕ್ಕೆ ಮರಳಿದಾಗ ದಯನೀಯನೆನಿಸಬಹುದಾಗಿದ್ದವನು ಪೂಜನೀಯನಾದನು. ಪ್ರತ್ಯಯ ಅದೇ, ಧಾತು ಮಾತ್ರ ಬದಲಾಯಿತು.

ದುಃಖಕ್ಕೆ ತಾನೇ ಕಾರಣನಾದವನ ವಿಷಯವೇನು ಎಂಬ ಪ್ರಶ್ನೆ ಉಳಿಯುತ್ತದೆ. ಕುಡಿತಕ್ಕೆ ಬಿದ್ದು ಮನೆಯನ್ನು ಹಾಳುಮಾಡಿದವನನ್ನು ದಯನೀಯ ಎನ್ನಬಾರದೆ? ಮೂರನೆಯ ಮೆಟ್ಟಿಲಿನ ತಿರಸ್ಕಾರ ನ್ಯಾಯವೆಂದು ತೋರುವುದು ಇಂತಹವನಲ್ಲಿಯೇ. ಇದಕ್ಕೆ ಇಳಕಲ್ಲಿನಿಂದಲೇ ಉತ್ತರ ಬಂದಿತು. ಚಿತ್ತರಗಿ–ಇಳಕಲ್ಲಿನ ವಿಜಯಮಹಾಂತೇಶ ಸಂಸ್ಥಾನ ಮಠದ ಲಿಂ. ಡಾ. ಮಹಾಂತ ಸ್ವಾಮಿಗಳು ೧೯೭೫ರಲ್ಲಿ 'ಮಹಾಂತ ಜೋಳಿಗೆ'ಯನ್ನು ಹಿಡಿದು ಹೊರಟರು. ಜಂಗಮನ ಜೋಳಿಗೆಗೆ ಕಾಳು, ಕಾಸು ಬೀಳುವುದು ವಾಡಿಕೆ. ಪೂಜ್ಯರು ಕೇಳಿದ್ದು ವ್ಯಸನವನ್ನು. ಕುಡಿತವನ್ನು, ತಂಬಾಕನ್ನು ತಮ್ಮ ಜೋಳಿಗೆಗೆ ಹಾಕಿರೆಂದು ಅವರು ಮನೆಗಳ ಮುಂದೆ, ಓಣಿಗಳಲ್ಲಿ ಬೇಡಿದರು. ಅವರು ೨೦೧೮ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ ೧ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಯಾಗುತ್ತಿದೆ.

ಈ ಜೋಳಿಗೆಯ ವ್ಯಾಕರಣವನ್ನು ಬಿಡಿಸಿ ನೋಡಿದರೆ ಈವರೆಗಿನ ಚರ್ಚೆಯೆಲ್ಲ ಅದರಲ್ಲಿ ಅಡಗಿರುವುದು ಕಾಣುತ್ತದೆ. ಪೀಠದ ಮೇಲಿನ ಸ್ವಾಮಿಗಳು ಬೇಡುವವರಾದರು. ಬೀದಿಯಲ್ಲಿ ಬಿದ್ದವನು ಕೊಡುವವನಾದನು. ಬೇಡುವವನು ಎದುರಿಗಿದ್ದವನನ್ನು ದಯನೀಯನೆಂದು ಕರೆಯಲಾರನು. ಕೊಡುವ ಶಕ್ತಿ ಅವನಲ್ಲಿದೆಯೆಂದು ಮೊದಲೇ ಒಪ್ಪಿ ಕೈಯೊಡ್ಡಿರುತ್ತಾನೆ. ಕುಡುಕನ ಬಳಿ ಕೊಡಲು ಏನಿದೆ ಎಂದು ಲೋಕ ಕೇಳುತ್ತಿತ್ತು. ಅವನ ಬಳಿ ಇದ್ದ ಒಂದೇ ಒಂದು ವಸ್ತುವನ್ನು ಪೂಜ್ಯರು ದಾನವಾಗಿ ಕೇಳಿದರು. ಕೊಟ್ಟವನು ಅಂದಿಗೆ ದಾನಿಯಾದನು. ಕರುಣೆಗೆ ಅರ್ಹನನ್ನು ಕರುಣೆಯ ಕರ್ತೃವನ್ನಾಗಿ ಮಾಡುವ ಈ ಬಗೆಯನ್ನು ಯಾವ ನಿಘಂಟೂ ಹೇಳಿಕೊಡಲಾರದು.

ಆದುದರಿಂದ 'ದಯನೀಯ' ಎಂಬ ಪದವನ್ನು ಕನ್ನಡದಿಂದ ಹೊರಗಟ್ಟಬೇಕೆಂದು ಈ ವಿಚಾರದ ತಾತ್ಪರ್ಯವಲ್ಲ. ಸ್ಥಿತಿಯನ್ನು ಹೇಳುವಲ್ಲಿ ಅದಕ್ಕೆ ಸ್ಥಾನವಿದೆ. ಲಿಂಗದ ಎದುರು ತನ್ನನ್ನು ಕುರಿತು ಹೇಳಿಕೊಳ್ಳುವಲ್ಲಿ ಅದಕ್ಕೆ ಇನ್ನೂ ಹೆಚ್ಚಿನ ಸ್ಥಾನವಿದೆ. ಇನ್ನೊಬ್ಬ ಮನುಷ್ಯನಿಗೆ ಅದನ್ನು ಹಚ್ಚುವಾಗ ಮಾತ್ರ ಹಚ್ಚುವವನು ಒಂದು ಕ್ಷಣ ನಿಲ್ಲಬೇಕು. ಆ ಪದವನ್ನು ನುಡಿದ ಬಳಿಕ ತಾನು ಏನನ್ನು ಕೊಡಲಿದ್ದೇನೆ, ಯಾರನ್ನು ಕಾಯಲಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಉತ್ತರವಿದ್ದರೆ ಪದ ಉಳಿಯುತ್ತದೆ. ಉತ್ತರವಿಲ್ಲದಿದ್ದರೆ, ದೇವರ ವಿಶೇಷಣವಾಗಿದ್ದ ಇಂಗ್ಲಿಷ್ ಪದ ಬೈಗುಳಾದಂತೆ ಕನ್ನಡದ ಪದವೂ ಬೈಗುಳಾಗುತ್ತದೆ. ಶಬ್ದದ ಶೀಲ ಅದನ್ನು ಆಡುವವರ ಶೀಲವನ್ನು ಬಿಟ್ಟು ಬೇರೆಯಿಲ್ಲ.